ವಿಂಡೋಸ್ 10 ಆದ ಮೇಲೆ ಯಾವುದು? ನಮ್ಮ ಅಂಗಡಿ, ಆಫೀಸು, ಮನೆಗಳಿಗೆ ಹೊಂದುವ ಸಿಸ್ಟಮ್ ಆರಿಸುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವನ್ನು, ಅಂದರೆ ಅದಕ್ಕೆ ಪುಕ್ಕಟೆ ಭದ್ರತಾ ಅಪ್‌ಡೇಟ್ ಕೊಡುವುದನ್ನು, ಮೈಕ್ರೋಸಾಫ್ಟ್ ನಿಲ್ಲಿಸಿತು. ಅಂದು ಯಾರ ಕಂಪ್ಯೂಟರೂ ಬಂದ್ ಬೀಳಲಿಲ್ಲ. ಹಾಗಾಗಿ ನಮ್ಮ ಕಡೆ ಬಹಳ ಮಂದಿ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಈಗ ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ: ವಿಜಯಪುರದ ಸ್ಟೇಷನ್ ರೋಡಿನ ಝೆರಾಕ್ಸ್ ಅಂಗಡಿಯವರು, ತಿಕೋಟಾ ಕಡೆಯ ಒಣದ್ರಾಕ್ಷಿ ವ್ಯಾಪಾರಿಗಳು, ಬಾಗಲಕೋಟೆ ನವನಗರದಲ್ಲಿ ಜಿಎಸ್‌ಟಿ ರಿಟರ್ನ್ ತುಂಬುವವರು, ಬೆಳಗಾವಿ ಖಡೇಬಜಾರಿನ ಲಗ್ನಪತ್ರಿಕೆಯವರು. "ಹನ್ನೊಂದಕ್ಕ ಹೋಗ್ಲೇನ್ರಿ, ಲಿನಕ್ಸ್ ಹಾಕಿಸ್ಲೇನ್ರಿ?" ಲಿನಕ್ಸ್ ಎಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಪುಕ್ಕಟೆ ಸಿಸ್ಟಮ್.

ಕಂಪ್ಯೂಟರ್ ಹೊಂದಿಸಿಕೊಡುವ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಯಾವ ಸಿಸ್ಟಮ್ ಚಲೋ ಎಂದು ಕೇಳುವ ಮೊದಲು, ನಿಮ್ಮ ದಿನದ ಕೆಲಸದಲ್ಲಿ ಬೇರೆ ಕಡೆ ಎತ್ತಿಡಲು ಬಾರದ್ದು ಯಾವುದು ಎಂದು ಹುಡುಕಿ. ಲೆಕ್ಕ ಬರೆಯುವ ಟ್ಯಾಲಿಯೋ, ಹೆಬ್ಬೆಟ್ಟಿನ ಮಷೀನೋ, ಡಿಸೈನಿನ ಕೋರೆಲ್ ಡ್ರಾ ಫೈಲುಗಳೋ, ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶಕ್ಕೆ ಒಗ್ಗಿದ ಬೆರಳುಗಳೋ. ಅದು ಸಿಕ್ಕರೆ ಮುಕ್ಕಾಲು ಪಾಲು ನಿರ್ಧಾರ ಆದ ಹಾಗೆ. ಉಳಿದದ್ದು ರೂಢಿ ಮಾಡಿಕೊಳ್ಳುವ ಮಾತು, ಅದಕ್ಕೆ ಸ್ವಲ್ಪ ದಿನ ಬೇಕು ಅಷ್ಟೇ.

ಮೊದಲು ನಿಮ್ಮ ಯಂತ್ರ ಏನೆಂದು ನೋಡಿ

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಅದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಇರುವ ಯುಇಎಫ್‌ಐ (ಯಂತ್ರವನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಬೇಕು. ಇವೆಲ್ಲ ಹೇಗೋ ಸರಿಹೋಗುತ್ತವೆ, ಗಂಟು ಬೀಳುವುದು ಪ್ರೊಸೆಸರಿನಲ್ಲಿ. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು, ಎಎಂಡಿ ಆದರೆ ರೈಝನ್ 2000 ಸರಣಿಯಿಂದ ಮುಂದಿನದು ಬೇಕು. ಇಂಟೆಲಿನ ತಲೆಮಾರನ್ನು ಹೆಸರಿನಲ್ಲೇ ಓದಬಹುದು. ಐ5-7500 ಎಂದಿದ್ದರೆ ಅಡ್ಡಗೆರೆಯ ನಂತರದ 7 ಏಳನೇ ತಲೆಮಾರು, ಅಂದರೆ ಆಗುವುದಿಲ್ಲ. ಐ5-8400 ಎಂದಿದ್ದರೆ ಆಗುತ್ತದೆ. 'ದಿಸ್ ಪಿಸಿ' ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದರೆ ಈ ಸಂಖ್ಯೆ ಕಾಣುತ್ತದೆ.

ಟಿಪಿಎಂ ನೋಡಲು ವಿಂಡೋಸ್ ಕೀ ಮತ್ತು ಆರ್ ಒತ್ತಿ 'ಟಿಪಿಎಂ.ಎಂಎಸ್‌ಸಿ' ಟೈಪ್ ಮಾಡಿ. ಟಿಪಿಎಂ ಇಲ್ಲ ಎಂದು ತೋರಿಸಿದರೂ ಯಂತ್ರವನ್ನು ಅಷ್ಟಕ್ಕೇ ಗುಜರಿಗೆ ಹಾಕಬೇಡಿ. ಎಷ್ಟೋ ಬೋರ್ಡುಗಳಲ್ಲಿ ಅದು ಬಯೋಸಿನೊಳಗೆ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ, ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಬೇಕು.

ಯಂತ್ರ ಇಷ್ಟಕ್ಕೆ ನಿಲ್ಲದಿದ್ದರೂ ತಂತ್ರ ಮಾಡಿ 11 ಹಾಕಿಕೊಡುವವರು ಇದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಮನೆಯಲ್ಲಿ ಸಿನಿಮಾ ನೋಡುವ ಕಂಪ್ಯೂಟರಾದರೆ ನಿಮ್ಮಿಷ್ಟ. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಕಂಪ್ಯೂಟರಿಗೆ ಇದನ್ನು ನಾನು ಒಪ್ಪುವುದಿಲ್ಲ.

ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದು, ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ಇದೆ. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಸೆಟ್ಟಿಂಗುಗಳನ್ನು ಆ ಖಾತೆಗೆ ಬ್ಯಾಕಪ್ ಕೊಟ್ಟರೆ ದುಡ್ಡು ಕೊಡುವುದೂ ಬೇಕಿಲ್ಲ. ಅವಸರ ಬೇಡವೆನ್ನುವವರಿಗೆ ಅದು ಯೋಚಿಸಲು ಸಿಗುವ ಸಮಯ. ಎರಡು, ನಿಮ್ಮ ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. "ಸಿಸ್ಟಮ್ ಭಾಳ ಸ್ಲೋ ಆಗ್ಯದ" ಎಂದು ಬರುವ ದೂರು ಬಹಳ ಸಲ ಡಿಸ್ಕಿನ ದೂರು. ಯಾವ ಸಿಸ್ಟಮ್ ಹಾಕಿದರೂ ಹಳೆಯ ಡಿಸ್ಕಿನ ಮೇಲೆ ಅದು ಕುಂಟುತ್ತದೆ.

ವಿಂಡೋಸ್ ಬಿಡಲು ಆಗದವರು ಯಾರು

ಟ್ಯಾಲಿ ಪ್ರೈಮ್ ಇರುವುದು ವಿಂಡೋಸಿಗೆ. ಲಿನಕ್ಸಿನಲ್ಲಿ ವೈನ್ ಎಂಬ ತಂತ್ರಾಂಶ ಹಾಕಿ ಓಡಿಸಬಹುದು ಎಂದು ಯಾರಾದರೂ ಹೇಳಿಯಾರು. ಲಕ್ಷಗಟ್ಟಲೆ ವಹಿವಾಟಿನ ಲೆಕ್ಕವನ್ನು ಅಂಥ ವ್ಯವಸ್ಥೆಯ ಮೇಲೆ ಇಡಬೇಡಿ. ಹೆಬ್ಬೆಟ್ಟಿನ ಮಷೀನುಗಳೂ ಹಾಗೆಯೇ. ಆಧಾರ್ ದೃಢೀಕರಣಕ್ಕೆ ಬೇಕಾದ ಆರ್‌ಡಿ ಸರ್ವಿಸ್ ತಂತ್ರಾಂಶವನ್ನು ಕಂಪನಿಗಳು ವಿಂಡೋಸ್ ಮತ್ತು ಆಂಡ್ರಾಯ್ಡಿಗಾಗಿ ಮಾಡಿಟ್ಟಿವೆ. ಗ್ರಾಮ ಒನ್, ಸಿಎಸ್‌ಸಿ ಕೇಂದ್ರ ನಡೆಸುವವರು ಹೆಚ್ಚು ಯೋಚಿಸದೆ ವಿಂಡೋಸ್ 11ರ ಯಂತ್ರ ನೋಡಿಕೊಳ್ಳುವುದು ಒಳ್ಳೆಯದು.

ಕೋರೆಲ್ ಡ್ರಾದಲ್ಲಿ ಲಗ್ನಪತ್ರಿಕೆ, ಬ್ಯಾನರ್ ಮಾಡುವವರೂ ಇದೇ ಸಾಲಿನಲ್ಲಿದ್ದಾರೆ. ಇಂಕ್‌ಸ್ಕೇಪ್ ಎಂಬ ಡಿಸೈನ್ ತಂತ್ರಾಂಶ ಕೋರೆಲ್ಲಿನ ಸಿಡಿಆರ್ ಫೈಲನ್ನು ತೆರೆಯುತ್ತದೆ ನಿಜ, ಆದರೆ ಅಕ್ಷರ, ನೆರಳು, ಬಣ್ಣದ ಇಳಿಜಾರು ಇದ್ದಲ್ಲೇ ಇರುತ್ತವೆಂಬ ಖಾತ್ರಿ ಇಲ್ಲ. ಹತ್ತಾರು ವರ್ಷದ ಡಿಸೈನು ಕೂಡಿಟ್ಟುಕೊಂಡವರು ವಿಂಡೋಸಿನಲ್ಲೇ ಇರಿ. ಹೊಸದಾಗಿ ಕಲಿಯುವ ಹುಡುಗ, ಹುಡುಗಿಯರು ಇಂಕ್‌ಸ್ಕೇಪಿನಿಂದಲೇ ಶುರು ಮಾಡಲಿ. ಅದು ಎಲ್ಲ ಸಿಸ್ಟಮಿನಲ್ಲೂ ಇದೆ, ಪುಕ್ಕಟೆ ಸಿಗುತ್ತದೆ, ಕನ್ನಡ ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ.

ವಿಂಡೋಸ್ 11: ಏನು ಬದಲಾಗಿದೆ, ಎಷ್ಟು ದಿನ ಕಾಡುತ್ತದೆ

"ಸರ, ಸ್ಟಾರ್ಟ್ ಬಟನ್ ನಡುವ ಬಂದು ಕುಂತದರಿ." ಎಲ್ಲರ ಮೊದಲ ತಕರಾರು ಇದೇ. ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಟಾಸ್ಕ್‌ಬಾರ್, ಅದರ ಕೆಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್. ಅಲ್ಲಿ ಅಲೈನ್‌ಮೆಂಟನ್ನು ಎಡಕ್ಕೆ ಮಾಡಿದರೆ ಬಟನ್ ಮೊದಲಿದ್ದ ಜಾಗಕ್ಕೆ ಬರುತ್ತದೆ. ಎರಡನೆಯ ತಕರಾರು ಬಲ ಕ್ಲಿಕ್ಕಿನದು. ಕಾಪಿ, ಪೇಸ್ಟ್, ಡಿಲೀಟ್ ಎಲ್ಲ ಮೇಲಿನ ಸಾಲಿನಲ್ಲಿ ಚಿಕ್ಕ ಚಿತ್ರಗಳಾಗಿವೆ, ಉಳಿದದ್ದು 'ಶೋ ಮೋರ್ ಆಪ್ಷನ್ಸ್' ಒಳಗೆ ಅಡಗಿದೆ. ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿದರೆ ಹಳೆಯ ಪಟ್ಟಿಯೇ ಬರುತ್ತದೆ. ಇವೆರಡನ್ನು ತೋರಿಸಿಕೊಟ್ಟರೆ ಹೆಚ್ಚಿನವರು ವಾರದೊಳಗೆ ಸುಮ್ಮನಾಗುತ್ತಾರೆ.

ನನಗೆ ನಿಜವಾಗಿ ಚಿಂತೆ ಹಚ್ಚುವುದು ಬೇರೆ ಎರಡು ಬದಲಾವಣೆ. ಹೋಮ್ ಆವೃತ್ತಿ ಹೊಂದಿಸುವಾಗ ಇಂಟರ್‌ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಅಂಗಡಿಗೆ ಬಂದ ಹುಡುಗ ತನ್ನದೇ ಮೇಲ್ ಐಡಿ ಹಾಕಿ ಮುಗಿಸಿ ಹೋಗುತ್ತಾನೆ, ಅಲ್ಲಿಗೆ ನಿಮ್ಮ ಕಂಪ್ಯೂಟರಿನ ಕೀಲಿ ಅವನ ಕೈಯಲ್ಲಿ. ಹೊಸ ಯಂತ್ರಗಳಲ್ಲಿ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುವುದುಂಟು, ಅಂದರೆ ಕೀ ಇಲ್ಲದೆ ಓದಲು ಬಾರದ ಹಾಗೆ ಬೀಗ ಬೀಳುತ್ತದೆ, ಅದರ 48 ಅಂಕೆಯ ರಿಕವರಿ ಕೀ ಆ ಖಾತೆಯಲ್ಲೇ ಉಳಿಯುತ್ತದೆ. ಬೋರ್ಡ್ ಬದಲಿಸಿದಾಗಲೋ ಬಯೋಸ್ ಮುಟ್ಟಿದಾಗಲೋ ಪರದೆ ಆ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಒಳಗಿನ ಫೈಲುಗಳ ಆಸೆ ಬಿಡಬೇಕು. ಖಾತೆ ನಿಮ್ಮ ಹೆಸರಿನಲ್ಲೇ ತೆರೆಯಿರಿ, ಕೀಯನ್ನು ಪ್ರಿಂಟ್ ತೆಗೆದು ಅಂಗಡಿ ಲೈಸೆನ್ಸಿನ ಜೊತೆ ಇಡಿ.

ಇನ್ನೊಂದು ವನ್‌ಡ್ರೈವ್, ಫೈಲುಗಳನ್ನು ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟಿನ ಸೇವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಅದು ತನ್ನೊಳಗೆ ಎಳೆದುಕೊಳ್ಳುತ್ತದೆ. ಪುಕ್ಕಟೆ ಸಿಗುವ ಜಾಗ 5 ಜಿಬಿ. ನಮ್ಮ ಅಂಗಡಿಗಳಲ್ಲಿ ಎಲ್ಲ ಸ್ಕ್ಯಾನೂ ಡೆಸ್ಕ್‌ಟಾಪಿನ ಮೇಲೇ ಬೀಳುವುದರಿಂದ ಆ 5 ಜಿಬಿ ಬೇಗ ತುಂಬಿ ಎಚ್ಚರಿಕೆ ಶುರುವಾಗುತ್ತದೆ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಗಿರಾಕಿಗಳ ಕಾಗದಪತ್ರ ಅವರಿಗೆ ಗೊತ್ತಿಲ್ಲದೆ ಊರಾಚೆಯ ಸರ್ವರಿಗೆ ಹೋಗುತ್ತಿರುತ್ತದೆ. ವನ್‌ಡ್ರೈವ್ ಸೆಟ್ಟಿಂಗಿನಲ್ಲಿ 'ಮ್ಯಾನೇಜ್ ಬ್ಯಾಕಪ್' ತೆಗೆದು ಆಫ್ ಮಾಡಿ. ಬ್ಯಾಕಪ್ಪಿಗೆ ಹೊರಗಿನ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ.

ಲಿನಕ್ಸ್ ಮಿಂಟ್: ಹಳೆಯ ಯಂತ್ರಕ್ಕೆ ನನ್ನ ಮೊದಲ ಆಯ್ಕೆ

ಟ್ಯಾಲಿ, ಹೆಬ್ಬೆಟ್ಟು, ಕೋರೆಲ್ ಮೂರೂ ಇಲ್ಲದವರಿಗೆ, ಅಂದರೆ ಬ್ರೌಸರ್, ಪತ್ರ ಬರೆಯುವುದು, ಲೆಕ್ಕದ ಹಾಳೆ, ಪಿಡಿಎಫ್, ಪ್ರಿಂಟ್ ಇಷ್ಟೇ ಕೆಲಸ ಇರುವವರಿಗೆ, ನಾನು ಹೇಳುವುದು ಲಿನಕ್ಸಿನ ಒಂದು ಬಗೆಯಾದ ಮಿಂಟ್. ಶಾಲೆ, ಸಂಘ, ಗ್ರಂಥಾಲಯ, ನಿವೃತ್ತ ಮೇಷ್ಟ್ರ ಮನೆ, ವಕೀಲರ ಟೈಪಿಂಗ್ ಮೇಜು, ಇಂಥಲ್ಲೆಲ್ಲ ಅದು ಹೊಂದುತ್ತದೆ. 2 ಜಿಬಿ ರ‍್ಯಾಮಿನಲ್ಲಿ ಶುರುವಾಗುತ್ತದೆ, 4 ಜಿಬಿ ಇದ್ದರೆ ನೆಮ್ಮದಿ. 2024ರಲ್ಲಿ ಬಂದ ಮಿಂಟ್ 22 ಸರಣಿಗೆ 2029ರವರೆಗೆ ಬೆಂಬಲ ಇದೆ. ಸಿನಮನ್, ಮೇಟ್, ಎಕ್ಸ್‌ಎಫ್‌ಸಿಇ ಎಂದು ಮೂರು ಮುಖಗಳಲ್ಲಿ ಸಿಗುತ್ತದೆ. ಯಂತ್ರ ತೀರಾ ಬಡವಾಗಿದ್ದರೆ ಎಕ್ಸ್‌ಎಫ್‌ಸಿಇ, ಇಲ್ಲದಿದ್ದರೆ ಸಿನಮನ್. ಸಿನಮನ್ನಿನಲ್ಲಿ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ 7 ಕಂಡವರಿಗೆ 11ಕ್ಕಿಂತ ಇದೇ ಹೆಚ್ಚು ಪರಿಚಿತ ಅನಿಸುತ್ತದೆ.

ಕಾಡುವ ಸಂಗತಿಗಳು ಬೇರೆ. ಸಿ ಡ್ರೈವ್, ಡಿ ಡ್ರೈವ್ ಎಂಬ ಹೆಸರುಗಳು ಇರುವುದಿಲ್ಲ, ನಿಮ್ಮದೆಲ್ಲ 'ಹೋಮ್' ಫೋಲ್ಡರಿನೊಳಗೆ. ನೆಟ್ಟಿನಿಂದ ಇಳಿಸಿದ ಇಎಕ್ಸ್‌ಇ ಫೈಲ್ ಓಡುವುದಿಲ್ಲ, ಬೇಕಾದ್ದನ್ನು ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿ ಹಾಕಿಕೊಳ್ಳಬೇಕು. ಇದನ್ನು ಕೊರತೆ ಎಂದು ಬೇಸರ ಮಾಡಿಕೊಳ್ಳುವವರಿಗೆ ನಾನು ಹೇಳುವುದು, ನಿಮ್ಮ ಕಂಪ್ಯೂಟರಿಗೆ ಬಂದ ವೈರಸ್ಸುಗಳು ಹೆಚ್ಚಾಗಿ ಆ ದಾರಿಯಲ್ಲೇ ಬಂದವು. ವಿಂಡೋಸ್ ಕೀ ಮತ್ತು ಎಲ್ ಒತ್ತಿದರೆ ಪರದೆ ಲಾಕ್ ಆಗುವುದಿಲ್ಲ, ಇಲ್ಲಿ ಕಂಟ್ರೋಲ್, ಆಲ್ಟ್, ಎಲ್. 'ಬಿಲ್' ಎಂದು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಿಂದ ಶುರುವಾದ ಫೈಲೂ ಚಿಕ್ಕ ಅಕ್ಷರದ ಫೈಲೂ ಎರಡು ಬೇರೆ ಫೈಲುಗಳು. ವಾಟ್ಸಾಪಿಗೆ ಲಿನಕ್ಸ್ ಆ್ಯಪ್ ಇಲ್ಲ, ಆದರೆ ಮಿಂಟಿನಲ್ಲೇ ಇರುವ 'ವೆಬ್ ಆ್ಯಪ್ಸ್' ತೆಗೆದು ವಾಟ್ಸಾಪ್ ವೆಬ್ಬಿನ ವಿಳಾಸ ಕೊಟ್ಟರೆ ಮೆನುವಿನಲ್ಲಿ ಅದರದೇ ಐಕಾನ್ ಬರುತ್ತದೆ. ಝೆರಾಕ್ಸ್ ಅಂಗಡಿಯ ಅರ್ಧ ಕೆಲಸ ವಾಟ್ಸಾಪಿನಲ್ಲೇ ಬರುವುದರಿಂದ ಇದನ್ನು ಮೊದಲ ದಿನವೇ ಮಾಡಿಡಿ.

ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್ ಇರುತ್ತದೆ. ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸಿನಲ್ಲಿ 'ಟ್ಯಾಬ್ಡ್' ಆರಿಸಿದರೆ ವರ್ಡಿನ ಹಾಗೆಯೇ ಕಾಣುತ್ತದೆ. ಪತ್ರ, ಅರ್ಜಿ, ಬಿಲ್ಲು ಸರಾಗವಾಗಿ ಆಗುತ್ತವೆ. ಮ್ಯಾಕ್ರೋ ತುಂಬಿದ ಎಕ್ಸೆಲ್ ಹಾಳೆಗಳಿದ್ದರೆ ಮಾತ್ರ ಒಂದೊಂದಾಗಿ ತೆರೆದು ಪರೀಕ್ಷಿಸಬೇಕು.

ಕನ್ನಡ ಟೈಪಿಂಗ್: ಗೆಲುವು ಸೋಲು ಇಲ್ಲೇ

ನಮ್ಮ ಕಡೆ ಟೈಪ್ ಮಾಡುವವರ ಬೆರಳುಗಳು ನುಡಿಯಲ್ಲಿ ಪಳಗಿದವು. ಕನ್ನಡ ಗಣಕ ಪರಿಷತ್ತಿನ ಆ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ವಿ, ಐ, ಜೆ, ವೈ, ಪಿ, ಯು, ಆರ್ ಎಂದು ಏಳು ಕೀ ಒತ್ತಿದರೆ 'ವಿಜಯಪುರ' ಮೂಡುತ್ತದೆ, ಒತ್ತಕ್ಷರಕ್ಕೆ ನಡುವೆ ಎಫ್. ನಿಮಿಷಕ್ಕೆ ಇಷ್ಟು ಪದ ಎಂದು ವರ್ಷಗಟ್ಟಲೆ ರೂಢಿಯಾದ ಕೈಗೆ ಬೇರೆ ಕೀಲಿಮಣೆ ಕೊಟ್ಟರೆ ಸಿಸ್ಟಮ್ ಎಷ್ಟೇ ಚೆನ್ನಾಗಿದ್ದರೂ ಆ ಮನುಷ್ಯ ಹಳೆಯದಕ್ಕೇ ಹಿಂತಿರುಗುತ್ತಾನೆ.

ವಿಂಡೋಸ್ 11ರಲ್ಲಿ ನುಡಿ ತಂತ್ರಾಂಶವೇ ನಡೆಯುವುದರಿಂದ ಬೆರಳಿಗೆ ಏನೂ ತೊಂದರೆ ಇಲ್ಲ. ವಿಂಡೋಸಿನದೇ ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೊದಲಿಂದಲೂ ಇದೆ. ಉಚ್ಚಾರಣೆಯ ಹಾಗೆ ಇಂಗ್ಲಿಷ್ ಅಕ್ಷರ ಒತ್ತುವ ಫೋನೆಟಿಕ್ ಕೀಲಿಮಣೆ 2019ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು ಇಲ್ಲೂ ಮುಂದುವರಿದಿದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಲಿನಕ್ಸಿನಲ್ಲಿ ಕನ್ನಡ ಇಲ್ಲ ಎಂದು ಇನ್ನೂ ನಂಬಿದವರು ಇದ್ದಾರೆ, ಅದು ಸುಳ್ಳು. ಮಿಂಟಿನ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕನ್ನಡ 'ಕಗಪ' (ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ) ಸಿದ್ಧವಾಗಿಯೇ ಇದೆ, ಏನೂ ಇಳಿಸಬೇಕಿಲ್ಲ. ವ್ಯತ್ಯಾಸ ಒಂದೇ ಕಡೆ ಎಡವಿಸುತ್ತದೆ. ನುಡಿಯಲ್ಲಿ ಪದದ ಮೊದಲಿಗೆ ಸ್ವರ ಒತ್ತಿದರೆ ತಾನಾಗಿ 'ಇ', 'ಉ' ಬರುತ್ತದೆ. ಇಲ್ಲಿ ಅದೇ ಕೀ ಗುಡಿಸು, ಕೊಂಬುಗಳನ್ನು ಕೊಡುತ್ತದೆ, ಇಡೀ ಸ್ವರಕ್ಕೆ ಬಲಗಡೆಯ ಆಲ್ಟ್ ಹಿಡಿಯಬೇಕು. 'ಇಂಡಿ', 'ಇಳಕಲ್ಲ', 'ಉಗರಗೋಳ' ಬರೆಯುವಾಗಲೆಲ್ಲ ಕೈ ತಡವರಿಸುತ್ತದೆ. ಇದು ಬೇಡವೆನಿಸಿದರೆ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಐಬಸ್-ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಅದರೊಳಗಿನ ಕನ್ನಡ ಕೆಜಿಪಿ ಕೀಲಿಮಣೆ ಆರಿಸಿ. ಬೆರಳಿಗೆ ನುಡಿಯ ರೂಢಿ ಉಳಿಯುತ್ತದೆ.

ಬೆಳಗಾವಿಯವರಿಗೆ ಇಲ್ಲೊಂದು ಲಾಭ ಇದೆ. ಅದೇ ಲೇಔಟ್ ಪಟ್ಟಿಯಲ್ಲಿ ಮರಾಠಿಗೂ ಕಗಪ ಇದೆ. ಒಂದೇ ಅರ್ಜಿಯಲ್ಲಿ ಎರಡೂ ಭಾಷೆ ಟೈಪ್ ಮಾಡಿಕೊಡುವ ಅಂಗಡಿಯವರು ಬೆರಳಿನ ಜಾಗ ಬದಲಿಸದೆ ಕನ್ನಡದಿಂದ ಮರಾಠಿಗೆ ಹೋಗಿ ಬರಬಹುದು.

ಹಳೆಯ ಫೈಲುಗಳ ಮಾತು ಬೇರೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಪತ್ರಗಳು ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸಬೇಡಿ. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನು ತಂದು ಹಾಕಿದರೆ ಲಿನಕ್ಸಿನಲ್ಲೂ ಓದಲು ಬರುತ್ತವೆ. ಮುಂದೆ ಬೇಕಾಗುವ ಕಾಗದಗಳನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಹೊಸದಕ್ಕೆ ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಲಿನಕ್ಸಿನಲ್ಲಿ ಪುಕ್ಕಟೆ ಸಿಗುತ್ತವೆ. ವಿಂಡೋಸಿನ ತುಂಗಾ, ನಿರ್ಮಲಾ ಮಾತ್ರ ಅಲ್ಲಿ ಇರುವುದಿಲ್ಲ, ಹಾಗಾಗಿ ಹಳೆಯ ಪತ್ರದ ಸಾಲುಗಳು ಒಂದಿಷ್ಟು ಹಿಂದೆ ಮುಂದೆ ಸರಿಯುತ್ತವೆ.

ಉಳಿದ ಮೂರು, ಚುಟುಕಾಗಿ

ಲಿನಕ್ಸಿನದೇ ಇನ್ನೊಂದು ಬಗೆಯಾದ ಉಬುಂಟು ಗಟ್ಟಿ ಸಿಸ್ಟಮ್, ಮಿಂಟಿನ ಬುನಾದಿಯೂ ಅದೇ. ಆದರೆ ಅದರ ಪರದೆಯ ರೂಪ ಬೇರೆ, ಐಕಾನುಗಳ ಪಟ್ಟಿ ಎಡಬದಿಯಲ್ಲಿ ನಿಂತಿರುತ್ತದೆ. ಬೆಳಗಾವಿ, ಬಾಗಲಕೋಟೆಯ ಎಂಜಿನಿಯರಿಂಗ್ ಹುಡುಗರು ಕೋಡಿಂಗ್ ಕಲಿಯಲು ಹಾಕಿಕೊಳ್ಳಲಿ. ವಿಂಡೋಸ್ ಬಿಟ್ಟು ಬರುವ ಅಂಗಡಿಯವರಿಗೆ ಮಿಂಟ್ ಹತ್ತಿರ.

ಗೂಗಲಿನ ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿದ ಯಂತ್ರ ಹೆಚ್ಚುಕಡಿಮೆ ಬರಿ ಬ್ರೌಸರ್. ಆಂಡ್ರಾಯ್ಡ್ ಆ್ಯಪ್ ಕೂಡ ಅದರಲ್ಲಿ ಬರುವುದಿಲ್ಲ. ನೆಟ್ ಹೋದರೆ ಕೆಲಸವೂ ನಿಲ್ಲುತ್ತದೆ, ನಮ್ಮ ತಾಲೂಕುಗಳಿಗೆ ನಾನು ಹೇಳಲಾರೆ.

ಆಪಲ್ ಕಂಪನಿಯ ಕಂಪ್ಯೂಟರಾದ ಮ್ಯಾಕ್ ಮಿನಿ ಎಂ4 2024ರಲ್ಲಿ 59,900 ರೂಪಾಯಿಗೆ ಶುರುವಾಯಿತು. 16 ಜಿಬಿ ರ‍್ಯಾಮ್, ಕಡಿಮೆ ವಿದ್ಯುತ್, ವಿಡಿಯೋ ಕೆಲಸಕ್ಕೆ ಬಲು ಚೆನ್ನ. ರೂಢಿ ಮಾತ್ರ ಪೂರಾ ಬದಲಾಗುತ್ತದೆ. ಕಂಟ್ರೋಲ್ ಜಾಗದಲ್ಲಿ ಕಮಾಂಡ್ ಕೀ. ಫೈಲಿನ ಮೇಲೆ ಎಂಟರ್ ಒತ್ತಿದರೆ ತೆರೆಯದೆ ಹೆಸರು ಬದಲಿಸಲು ಕೇಳುತ್ತದೆ. ಕಿಟಕಿ ಮುಚ್ಚಿದರೂ ಆ್ಯಪ್ ಓಡುತ್ತಲೇ ಇರುತ್ತದೆ. ಎನ್‌ಟಿಎಫ್‌ಎಸ್ ಎಂಬ ವಿಂಡೋಸಿನ ಫಾರ್ಮ್ಯಾಟಿನಲ್ಲಿರುವ ನಿಮ್ಮ ಹಳೆಯ ಹಾರ್ಡ್ ಡಿಸ್ಕನ್ನು ಅದು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಎರಡೂ ಕಡೆ ಬಳಸುವ ಡಿಸ್ಕನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟಿಗೆ ಮಾಡಿಟ್ಟುಕೊಳ್ಳಿ.

ಪ್ರಿಂಟರ್ ಮರೆಯಬೇಡಿ

ಸಿಸ್ಟಮ್ ಬದಲಿಸಿದ ಮೇಲೆ ಪ್ರಿಂಟರ್ ನೆನಪಾದರೆ ಅಂಗಡಿ ಒಂದು ದಿನ ಮುಚ್ಚಿದ ಹಾಗೆ. ಎಚ್‌ಪಿ ಪ್ರಿಂಟರುಗಳಿಗೆ ಲಿನಕ್ಸಿನಲ್ಲಿ ಎಚ್‌ಪಿಲಿಪ್ ಎಂಬ ಡ್ರೈವರ್ ಇದೆ, ಬಹಳಷ್ಟು ಸಲೀಸು. ನಮ್ಮಲ್ಲಿ ಊರೂರಿಗೆ ಹರಡಿರುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ತಾನಾಗಿ ಹೊಂದಿಕೊಳ್ಳುವುದಿಲ್ಲ, ಕ್ಯಾಪ್ಟ್ ಡ್ರೈವರನ್ನು ಬೇರೆಯಾಗಿ ಕೂರಿಸಬೇಕು, ಅದು ಗೊತ್ತಿದ್ದವರ ಕೆಲಸ. ಆ ಪ್ರಿಂಟರಿನ ಮೇಲೇ ಹೊಟ್ಟೆಪಾಡು ಇದ್ದರೆ ಒಂದು ವಿಂಡೋಸ್ ಯಂತ್ರವನ್ನು ಅದಕ್ಕಾಗಿಯೇ ಉಳಿಸಿಕೊಳ್ಳಿ.

ಬದಲಿಸುವ ದಾರಿ

ಮಿಂಟನ್ನು 8 ಜಿಬಿ ಪೆನ್‌ಡ್ರೈವಿಗೆ ಹಾಕಿ, ಡಿಸ್ಕ್ ಮುಟ್ಟದೆ ಅದರಿಂದಲೇ ಓಡಿಸಿ ನೋಡಬಹುದು. ವೈಫೈ, ಧ್ವನಿ, ಪ್ರಿಂಟರ್, ಸ್ಕ್ಯಾನರ್, ಕಗಪ ಕೀಲಿಮಣೆ ಎಲ್ಲ ಅಲ್ಲೇ ಪರೀಕ್ಷಿಸಿ. ಇದೊಂದು ಸೌಲಭ್ಯ ವಿಂಡೋಸಿನಲ್ಲಿ ಇಲ್ಲ, ಪೂರ್ತಿ ಬಳಸಿಕೊಳ್ಳಿ.

ನಂಬಿಕೆ ಬರುವತನಕ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವವರು ಎರಡು ವಿಷಯ ತಿಳಿದಿರಿ. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಡಿ ಡ್ರೈವ್ ಲಿನಕ್ಸಿನಲ್ಲಿ ಓದಲು ಮಾತ್ರ ಸಿಗುತ್ತದೆ, ಸೇವ್ ಮಾಡಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸಿನಲ್ಲಿ ಅದನ್ನು ಆಫ್ ಮಾಡಿ. ಇನ್ನೊಂದು ಗಡಿಯಾರ. ಲಿನಕ್ಸಿನಿಂದ ವಿಂಡೋಸಿಗೆ ಮರಳಿದಾಗ ಸಮಯ ಐದೂವರೆ ತಾಸು ಹಿಂದೆ ತೋರಿಸುತ್ತದೆ. ಬೋರ್ಡಿನ ಸೆಲ್ ಹೋಯಿತೆಂದು ಬದಲಿಸಬೇಡಿ. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಇಡುವಂತೆ ಲಿನಕ್ಸಿಗೆ ಒಂದು ಸಾಲಿನ ಆದೇಶ ಕೊಟ್ಟರೆ ಮುಗಿಯಿತು, ಹಾಕಿಕೊಡುವವರಿಗೆ ನೆನಪಿಸಿ.

ಡಿಸ್ಕ್ ಅಳಿಸುವ ಮೊದಲು ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಜೊತೆಗೆ ಮರೆತುಹೋಗುವ ಮೂರನ್ನು ತೆಗೆದಿಡಿ: ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು, ನುಡಿಯ ಫಾಂಟುಗಳು, ಟ್ಯಾಲಿಯ ಡೇಟಾ. ಟ್ಯಾಲಿ ಪ್ರೈಮಿನ ಡೇಟಾ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್ ಫೋಲ್ಡರಿನೊಳಗೆ ಇರುತ್ತದೆ, ಹೆಸರು 'ಡೇಟಾ'. ಕಾಪಿ ಮಾಡಿದ್ದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಹಳೆಯದನ್ನು ಅಳಿಸಿ.

ಸಮಯವನ್ನೂ ನೋಡಿಕೊಳ್ಳಿ. ರಿಟರ್ನ್ ತುಂಬುವವರು ಮಾರ್ಚ್ ಕೊನೆ ಮತ್ತು ಪ್ರತಿ ತಿಂಗಳ 20ರ ಆಸುಪಾಸು ಬಿಡಿ. ಲಗ್ನಪತ್ರಿಕೆಯವರು ಏಪ್ರಿಲ್, ಮೇ ಬಿಡಿ. ಅರ್ಜಿ ತುಂಬುವ ಅಂಗಡಿಯವರು ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ನಂತರದ ಗದ್ದಲ ಕಳೆಯಲಿ. ಶನಿವಾರ ಸಂಜೆ ಹಾಕಿಸಿ, ರವಿವಾರ ಪೂರ್ತಿ ಕೂತು ನಿಮ್ಮ ರೋಜಿನ ಕೆಲಸಗಳನ್ನು ಒಂದೊಂದು ಸಲ ಮಾಡಿ ನೋಡಿ: ಒಂದು ಅರ್ಜಿ ಟೈಪ್, ಒಂದು ಸ್ಕ್ಯಾನ್, ಎರಡೂ ಮಗ್ಗುಲಿನ ಆಧಾರ್ ಪ್ರಿಂಟ್, ವಾಟ್ಸಾಪಿನಿಂದ ಬಂದ ಒಂದು ಪಿಡಿಎಫ್. ಯಾವುದು ಅಟಕಾಯಿಸಿತೋ ಅದನ್ನು ಚೀಟಿಯಲ್ಲಿ ಬರೆದಿಟ್ಟು, ಸೋಮವಾರ ಬಾಗಿಲು ತೆಗೆಯುವ ಮೊದಲು ಹಾಕಿಕೊಟ್ಟವರಿಗೆ ಫೋನ್ ಮಾಡಿ.